ಸಂಘದ ಲೆಕ್ಕದ ಕಂಪ್ಯೂಟರು: ನಿಲ್ಲಿಸಿ ಮತ್ತೆ ನಡೆಸುವುದು ಏಕೆ, ಯಾವಾಗ, ಹೇಗೆ?

ಸಂಜೆಯ ಹೊತ್ತು ಕಛೇರಿಗೆ ಬರುವ ಸದಸ್ಯರಿಗೆ ಕೆಲವು ದಿನ “ಸರ್ವರ್ ನಿಲ್ಲಿಸಿದ್ದೇವೆ, ಅರ್ಧ ಗಂಟೆ ಖಾತೆ ತೋರಿಸಲಾಗುವುದಿಲ್ಲ” ಎಂಬ ಉತ್ತರ ದೊರೆಯುತ್ತದೆ. ದೂರದ ತೋಟದಿಂದ ಬಂದವರಿಗೆ ಇದರಿಂದ ಬೇಸರವಾಗುವುದು ಸಹಜವೇ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಬೇಕೆಂದೇ ಏಕೆ ನಿಲ್ಲಿಸಬೇಕು, ತಂತ್ರಾಂಶ ತನ್ನಷ್ಟಕ್ಕೆ ಹೊಸದಾಗುತ್ತದೆ ಎನ್ನುತ್ತಾರಲ್ಲ ಎಂದು ಕೇಳುವವರೂ ಇದ್ದಾರೆ. ಇದು ನ್ಯಾಯವಾದ ಪ್ರಶ್ನೆ. ಆ ಯಂತ್ರದಲ್ಲಿರುವುದು ಸದಸ್ಯರ ತೂಕ, ದರ, ಮುಂಗಡ ಮತ್ತು ಬಾಕಿಯ ಲೆಕ್ಕ. ಆದುದರಿಂದ ಅದನ್ನು ಏಕೆ ನಿಲ್ಲಿಸುತ್ತೇವೆ, ನಿಲ್ಲಿಸದಿದ್ದರೆ ಏನಾಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬ ಮೂರು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ಒಂದೇ ಕಪಾಟು, ಹಲವು ಕೈಗಳು

ಹಿಂದೆ ಖಾತೆ ಪುಸ್ತಕಗಳು ಒಂದೇ ಕಪಾಟಿನಲ್ಲಿರುತ್ತಿದ್ದವು. ಖರೀದಿ ವಿಭಾಗದ ಗುಮಾಸ್ತರು ಪುಸ್ತಕ ಒಯ್ದರೆ ಲೆಕ್ಕಪತ್ರ ವಿಭಾಗದವರು ಕಾಯಬೇಕಾಗಿತ್ತು. ಈಗ ಕಪಾಟಿನ ಜಾಗದಲ್ಲಿ ಒಂದು ಕಂಪ್ಯೂಟರು ಇದೆ. ಅದನ್ನೇ ಸರ್ವರ್ ಎನ್ನುತ್ತೇವೆ. ಖರೀದಿ ಕೌಂಟರು, ಗೊಬ್ಬರದ ಗೋದಾಮು, ಲೆಕ್ಕಪತ್ರ ವಿಭಾಗ ಎಲ್ಲವೂ ತಂತಿಯ ಮೂಲಕ ಅದೇ ಸರ್ವರಿನಲ್ಲಿರುವ ಫೈಲುಗಳನ್ನು ತೆರೆದು ಬರೆಯುತ್ತವೆ.

ಹೀಗೆ ಫೈಲುಗಳನ್ನು ಹಂಚಿಕೊಡುವ ಕೆಲಸಕ್ಕೆ ಒಂದು ಒಪ್ಪಿತ ಭಾಷೆ ಬೇಕು. ಅಂತಹ ಭಾಷೆಗಳಲ್ಲಿ ಒಂದು ಎಸ್‌ಎಂಬಿ. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಇದನ್ನು ರೂಪಿಸಿದರು. ವಿಂಡೋಸ್ ಕಂಪ್ಯೂಟರುಗಳು ಇಂದಿಗೂ ಇದೇ ಭಾಷೆಯಲ್ಲಿ ಫೈಲು ಕೇಳುತ್ತವೆ. ಲಿನಕ್ಸ್ ಸರ್ವರ್ ಈ ಭಾಷೆಯಲ್ಲಿ ಉತ್ತರ ಕೊಡುವಂತೆ ಮಾಡುವ ತಂತ್ರಾಂಶಕ್ಕೆ ಸಾಂಬಾ ಎಂದು ಹೆಸರು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1991ರ ಕೊನೆಯಲ್ಲಿ ಇದರ ಮೊದಲ ರೂಪವನ್ನು ಬರೆದರು. ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಅವರು ಈ ಹೆಸರನ್ನು ಆರಿಸಿದರು. ಇದಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಸಣ್ಣ ಕಛೇರಿಗಳು ಇದನ್ನು ಮೆಚ್ಚಲು ಅದೂ ಒಂದು ಕಾರಣ.

ಸಾಂಬಾ ಕೆಲಸ ಮಾಡುವ ಬಗೆ ಹೀಗೆ. ಸರ್ವರಿನಲ್ಲಿ ಎಸ್‌ಎಂಬಿಡಿ ಎಂಬ ಪ್ರೋಗ್ರಾಮು ಸದಾ ಓಡುತ್ತಿರುತ್ತದೆ. ಒಂದು ಕೌಂಟರಿನ ಕಂಪ್ಯೂಟರು ಸಂಪರ್ಕಕ್ಕೆ ಬಂದೊಡನೆ ಎಸ್‌ಎಂಬಿಡಿ ತನ್ನದೇ ಇನ್ನೊಂದು ಪ್ರತಿಯನ್ನು ಹುಟ್ಟಿಸಿ ಆ ಕೌಂಟರಿಗೆ ಒಪ್ಪಿಸುತ್ತದೆ. ಕೌಂಟರಿಗೊಬ್ಬ ಗುಮಾಸ್ತನನ್ನು ನೇಮಿಸಿದಂತೆ. ಮುಂದಿನ ವಿವರಣೆಗೆ ಇದು ನೆನಪಿರಬೇಕು.

ಹೊಸತು ಬಂದರೂ ಓಡುತ್ತಿರುವುದು ಹಳೆಯದೇ

ಸಾಂಬಾದಂತಹ ತಂತ್ರಾಂಶಗಳಲ್ಲಿ ಆಗಾಗ ದೋಷಗಳು ಕಂಡುಬರುತ್ತವೆ. ಬರೆದವರು ತಿದ್ದಿದ ರೂಪವನ್ನು ಹೊರಡಿಸುತ್ತಾರೆ. ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ಬಳಗಗಳು ಅದನ್ನು ಪ್ಯಾಕೇಜ್ ಎಂಬ ಕಟ್ಟಿನಲ್ಲಿ ನಮಗೆ ತಲುಪಿಸುತ್ತವೆ. ಆ ಕಟ್ಟನ್ನು ಬಿಚ್ಚಿ ಹಳೆಯ ಫೈಲುಗಳ ಜಾಗದಲ್ಲಿ ಹೊಸ ಫೈಲುಗಳನ್ನು ಇಡುವುದೇ ಅಪ್‌ಗ್ರೇಡ್.

ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯಿದೆ. ಓಡುತ್ತಿರುವ ಪ್ರೋಗ್ರಾಮು ಆರಂಭದಲ್ಲಿ ಯಾವ ಫೈಲನ್ನು ತೆರೆದು ಜ್ಞಾಪಕಕ್ಕೆ ತೆಗೆದುಕೊಂಡಿತೋ ಅದನ್ನೇ ಹಿಡಿದುಕೊಂಡು ಓಡುತ್ತಿರುತ್ತದೆ. ಡಿಸ್ಕಿನಲ್ಲಿ ಹೊಸ ಫೈಲು ಬಂದು ಕುಳಿತರೂ ಅದಕ್ಕೆ ಗೊತ್ತಾಗುವುದಿಲ್ಲ. ಫೈಲಿನ ಹೆಸರು ಹೊಸ ಪ್ರತಿಯತ್ತ ತಿರುಗುತ್ತದೆ. ಆದರೆ ಹಳೆಯ ಪ್ರತಿಯನ್ನು ಹಿಡಿದಿರುವ ಪ್ರೋಗ್ರಾಮು ಮುಗಿಯುವವರೆಗೆ ಲಿನಕ್ಸ್ ಆ ಹಳೆಯದನ್ನು ಒಳಗೊಳಗೇ ಉಳಿಸಿಕೊಳ್ಳುತ್ತದೆ.

ಬೆಳೆಗಾರರಿಗೆ ಇದು ಕಷ್ಟದ ಮಾತಲ್ಲ. ಖರೀದಿ ಗುಮಾಸ್ತ ಬೆಳಿಗ್ಗೆ ದರಪಟ್ಟಿ ಓದಿ ಬಾಯಿಪಾಠ ಮಾಡಿಕೊಂಡು ಕುಳಿತಿದ್ದಾನೆ ಎನ್ನೋಣ. ಮಧ್ಯಾಹ್ನ ಕಾರ್ಯದರ್ಶಿ ಬಂದು ಗೋಡೆಯ ದರಪಟ್ಟಿಯನ್ನು ಬದಲಿಸಿ ಹೋದರೂ ಅವನು ತಲೆ ಎತ್ತಿ ನೋಡದಿದ್ದರೆ ಚೀಟಿ ಬರೆಯುವುದು ಬೆಳಗಿನ ದರದಲ್ಲೇ. ಗೋಡೆಯ ಮೇಲೆ ಹೊಸ ದರ ಇದೆಯೆಂಬುದು ನಿಜ. ರೈತನಿಗೆ ಸಿಕ್ಕಿದ್ದು ಹಳೆಯ ದರ ಎಂಬುದೂ ನಿಜ. ಗುಮಾಸ್ತನನ್ನು ಎಬ್ಬಿಸಿ ಮತ್ತೆ ಓದಿ ಕೂರಿಸಬೇಕು. ತಂತ್ರಜ್ಞರು ರೀಸ್ಟಾರ್ಟ್ ಎನ್ನುವುದು ಇದನ್ನೇ.

ಸಾಂಬಾದ ಪ್ಯಾಕೇಜು ಒಂದೇ ಬದಲಾದಾಗ ಈ ಕೆಲಸವನ್ನು ಸಾಮಾನ್ಯವಾಗಿ ಪ್ಯಾಕೇಜೇ ಮಾಡಿಕೊಳ್ಳುತ್ತದೆ. ತೊಡಕು ಬರುವುದು ಲೈಬ್ರರಿಗಳಲ್ಲಿ. ಹಲವು ಪ್ರೋಗ್ರಾಮುಗಳು ಸೇರಿ ಬಳಸುವ ಸಾಮಾನ್ಯ ಭಾಗಗಳಿಗೆ ಲೈಬ್ರರಿ ಎಂದು ಹೆಸರು. ಲಿಬ್‌ಸಿ ಎಂಬುದು ಅವುಗಳಲ್ಲಿ ಮೂಲವಾದುದು. ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಅದರ ಮೇಲೆ ನಿಂತಿವೆ. ಲಿಬ್‌ಸಿ ಬದಲಾದಾಗ ಸಾಂಬಾದ ಸ್ವಂತ ಫೈಲುಗಳು ಬದಲಾಗಿರುವುದಿಲ್ಲ. ಆದರೂ ಅದನ್ನು ನಿಲ್ಲಿಸಿ ನಡೆಸಬೇಕಾಗುತ್ತದೆ. ಇಲ್ಲವಾದರೆ ಬಳಕೆದಾರರ ಹೆಸರನ್ನು ಹುಡುಕಿ ಗುರುತಿಸುವ ಕೆಲಸದಲ್ಲಿ ಹಳೆಯ ಭಾಗಕ್ಕೂ ಹೊಸ ಭಾಗಕ್ಕೂ ಹೊಂದಿಕೆ ತಪ್ಪಬಹುದು. ಆಗ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಬದಲಿಸಿ, ತಂತಿ ಬದಲಿಸಿ ಹೊತ್ತು ಕಳೆಯುವ ಮೊದಲು, ಹಿಂದಿನ ದಿನ ಅಪ್‌ಗ್ರೇಡ್ ಆಗಿತ್ತೇ ಎಂದು ವಿಚಾರಿಸುವುದು ಮೇಲು.

2017ರ ಮೇ ತಿಂಗಳಿನ ಪಾಠ

ರೀಸ್ಟಾರ್ಟ್ ಮಾಡದೆ ಬಿಟ್ಟರೆ ಆಗುವ ಹಾನಿ ಎಂತಹುದು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. 2017ರ ಮೇ 12ರಂದು ವಾನಾಕ್ರೈ ಎಂಬ ಹಾವಳಿ ಜಗತ್ತಿನಾದ್ಯಂತ ಹರಡಿತು. ವಿಂಡೋಸ್ ಕಂಪ್ಯೂಟರುಗಳ ಎಸ್‌ಎಂಬಿ ಸೇವೆಯಲ್ಲಿದ್ದ ದೋಷದ ಮೂಲಕ ಅದು ಒಳಹೊಕ್ಕು, ಫೈಲುಗಳನ್ನೆಲ್ಲ ಬೀಗ ಹಾಕಿದಂತೆ ಮಾಡಿ, ಬಿಡಿಸಲು ಹಣ ಕೇಳುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಇದಕ್ಕೆ ಸಿಲುಕಿದವು. ಆ ದೋಷವನ್ನು ತಿದ್ದಿದ ರೂಪ ಮಾರ್ಚ್ ತಿಂಗಳಲ್ಲೇ ಬಂದಿತ್ತು ಎಂಬುದನ್ನು ಗಮನಿಸಬೇಕು. ಅದನ್ನು ಹಾಕಿಕೊಳ್ಳದ ಯಂತ್ರಗಳು ಪೆಟ್ಟು ತಿಂದವು.

ಅದೇ ತಿಂಗಳ 24ರಂದು ಸಾಂಬಾ ತಂಡವೂ ತನ್ನ ತಂತ್ರಾಂಶದ ಒಂದು ದೋಷವನ್ನು ಪ್ರಕಟಿಸಿತು. 2010ರಲ್ಲಿ ಬಂದ 3.5.0 ಆವೃತ್ತಿಯಿಂದಲೂ ಆ ದೋಷ ಇತ್ತು. ಹಂಚಿಕೆಯ ಜಾಗದಲ್ಲಿ ಬರೆಯುವ ಅನುಮತಿ ಇರುವ ಯಾವನೇ ಆಗಲಿ, ಅಲ್ಲಿ ಒಂದು ದುಷ್ಟ ಫೈಲನ್ನಿಟ್ಟು ಅದನ್ನು ಸರ್ವರ್ ತಾನೇ ನಡೆಸುವಂತೆ ಮಾಡಬಹುದಾಗಿತ್ತು. ತಿದ್ದಿದ ರೂಪಗಳು 4.6.4, 4.5.10 ಮತ್ತು 4.4.14. ಕೂಡಲೇ ಅಪ್‌ಗ್ರೇಡ್ ಮಾಡಲಾಗದವರಿಗೆ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸುವ ತಾತ್ಕಾಲಿಕ ಉಪಾಯವನ್ನೂ ತಂಡ ಹೇಳಿತು. ಆ ಸಾಲು ಸೇರಿಸಿದ ಮೇಲೂ ಎಸ್‌ಎಂಬಿಡಿಯನ್ನು ರೀಸ್ಟಾರ್ಟ್ ಮಾಡಲೇಬೇಕು ಎಂದು ಅದೇ ಸೂಚನೆಯಲ್ಲಿತ್ತು.

ಇದರ ತಾತ್ಪರ್ಯ ಸರಳ. ಪ್ಯಾಕೇಜು ಬಂದು ಕುಳಿತಿದೆ, ರಿಜಿಸ್ಟರಿನಲ್ಲಿ “ಅಪ್‌ಗ್ರೇಡ್ ಆಗಿದೆ” ಎಂದು ಬರೆದೂ ಆಗಿದೆ, ಆದರೆ ಓಡುತ್ತಿರುವುದು ಹಳೆಯ ಪ್ರೋಗ್ರಾಮು ಎಂದಾದರೆ ಬಾಗಿಲು ಇನ್ನೂ ತೆರೆದೇ ಇದೆ. ಬೋರ್ಡೋ ದ್ರಾವಣ ಕದಡಿ ಡ್ರಮ್ಮಿನಲ್ಲಿಟ್ಟ ಮಾತ್ರಕ್ಕೆ ಕೊಳೆರೋಗ ನಿಲ್ಲುವುದಿಲ್ಲ, ಅದು ಗೊನೆಗೆ ತಲುಪಬೇಕು. ಮದ್ದು ಹೊಡೆದಾಯಿತೆಂದು ತಿಳಿದು ನಿಶ್ಚಿಂತೆಯಿಂದಿರುವುದು ಹೊಡೆಯದಿರುವುದಕ್ಕಿಂತಲೂ ಅಪಾಯ.

ನಿಲ್ಲಿಸಿದಾಗ ಕಡಿಯುವುದೇನು?

ಹಾಗಾದರೆ ಯಾವಾಗ ಬೇಕಾದರೂ ನಿಲ್ಲಿಸಿ ನಡೆಸಬಹುದಲ್ಲ, ಕೆಲವೇ ಸೆಕೆಂಡಿನ ಕೆಲಸವಲ್ಲವೇ ಎಂದು ಕೇಳಬಹುದು. ಸೆಕೆಂಡಿನ ಕೆಲಸವೆಂಬುದು ಸರಿ. ಆದರೆ ಎಲ್ಲ ಸೇವೆಗಳ ಸ್ವಭಾವ ಒಂದೇ ಅಲ್ಲ.

ದೂರದಿಂದ ಸರ್ವರಿಗೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನು ನಿಲ್ಲಿಸಿ ನಡೆಸಿದರೆ ಈಗಾಗಲೇ ಒಳಗಿರುವವರ ಸಂಪರ್ಕ ಕಡಿಯುವುದಿಲ್ಲ. ಸಾಂಬಾದಲ್ಲಿ ಹಾಗಲ್ಲ. ಮುಖ್ಯ ಎಸ್‌ಎಂಬಿಡಿಯೊಡನೆ ಕೌಂಟರುಗಳಿಗೆ ಒಪ್ಪಿಸಿದ ಪ್ರತಿಗಳೂ ಕೊನೆಗೊಳ್ಳುತ್ತವೆ. ಆ ಕೌಂಟರು ಯಾವ ಫೈಲನ್ನು ತೆರೆದಿತ್ತು, ಯಾವ ಪುಟಕ್ಕೆ ಬೀಗ ಹಾಕಿಕೊಂಡು ಬರೆಯುತ್ತಿತ್ತು ಎಂಬ ನೆನಪೂ ಅವುಗಳೊಡನೆ ಹೋಗುತ್ತದೆ.

ಕೌಂಟರಿನ ಕಂಪ್ಯೂಟರು ತಾನಾಗಿ ಮತ್ತೆ ಸಂಪರ್ಕಕ್ಕೆ ಬರುತ್ತದೆಂಬುದು ನಿಜ. ಪತ್ರ, ಪಟ್ಟಿಗಳಂತಹ ಫೈಲಾದರೆ ಪರದೆಯ ಮೇಲಿನ ಪ್ರತಿಯನ್ನು ಇನ್ನೊಮ್ಮೆ ಉಳಿಸಿಕೊಂಡರೆ ಸಾಕು. ಆದರೆ ಲೆಕ್ಕಪತ್ರದ ಪ್ರೋಗ್ರಾಮುಗಳು ದಿನವಿಡೀ ಒಂದೇ ದೊಡ್ಡ ಫೈಲನ್ನು ತೆರೆದಿಟ್ಟುಕೊಂಡು, ಅದರ ನಡುನಡುವೆ ಬರೆಯುತ್ತಿರುತ್ತವೆ. ಅಂತಹ ಫೈಲನ್ನು ಹಂಚಿಕೆಯ ಜಾಗದಲ್ಲಿಟ್ಟಿದ್ದರೆ ಸಂಪರ್ಕ ಕಡಿದ ಕ್ಷಣದಲ್ಲಿ ನಡೆಯುತ್ತಿದ್ದ ಬರಹ ಅರ್ಧಕ್ಕೆ ನಿಲ್ಲಬಹುದು. ವೇಗಕ್ಕಾಗಿ ಕೌಂಟರಿನ ಕಂಪ್ಯೂಟರು ಬರೆದುದನ್ನು ಸ್ವಲ್ಪ ಹೊತ್ತು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಸರ್ವರಿಗೆ ಕಳಿಸುವ ಪದ್ಧತಿಯೂ ಉಂಟು. ಕಳಿಸುವ ಮೊದಲೇ ಸಂಪರ್ಕ ಕಡಿದರೆ ಅದು ಕಳೆದುಹೋಗಬಹುದು.

ಸದಸ್ಯರ ಲೆಕ್ಕದಲ್ಲಿ ಇದರ ಅರ್ಥವೇನು? ಒಬ್ಬರು ರಾಶಿ ಇಡಿಯ ಚೀಲಗಳನ್ನು ತೂಕ ಮಾಡಿಸಿದ್ದಾರೆ. ದಾಸ್ತಾನಿನಲ್ಲಿ ತೂಕ ಸೇರಿದೆ, ಅವರ ಖಾತೆಗೆ ಹಣ ಜಮೆಯಾಗುವ ಸಾಲು ಇನ್ನೂ ಬರೆದಿಲ್ಲ. ಆ ನಡುವೆ ಸೇವೆ ನಿಂತರೆ ದಾಸ್ತಾನು ಒಂದು ಹೇಳುತ್ತದೆ, ಖಾತೆ ಇನ್ನೊಂದು ಹೇಳುತ್ತದೆ. ಸಂಜೆ ತಾಳೆ ನೋಡಿದರೆ ಸಿಕ್ಕಬಹುದು. ಸಿಕ್ಕದಿದ್ದರೆ ಲೆಕ್ಕ ಪರಿಶೋಧನೆಯವರೆಗೂ ಹಾಗೆಯೇ ಉಳಿಯಬಹುದು. ಓಡುತ್ತಿರುವ ಪಲ್ಪರಿಗೆ ಯಾರೂ ಕೈ ಹಾಕುವುದಿಲ್ಲ. ಹಣ್ಣು ಪೂರ್ತಿ ಹರಿದು ಹೋದ ಮೇಲೆ ನಿಲ್ಲಿಸಿ, ಆಮೇಲೆ ಬಿಚ್ಚುತ್ತಾರೆ. ಇಲ್ಲಿಯೂ ಅದೇ ನಿಯಮ.

ಪರದೆಯ ಮೇಲೆ ಬರುವ ಪ್ರಶ್ನೆಗಳು

ಅಪ್‌ಗ್ರೇಡ್ ನಡೆಯುವಾಗ ಮುಖ್ಯವಾಗಿ ಎರಡು ಪ್ರಶ್ನೆಗಳು ಬರುತ್ತವೆ.

ಮೊದಲನೆಯದು, ಲಿಬ್‌ಸಿಯಂತಹ ಲೈಬ್ರರಿ ಬದಲಾದಾಗ ಬರುವುದು: ಪ್ಯಾಕೇಜು ಬದಲಾಗುವಾಗ ಸೇವೆಗಳನ್ನು ಕೇಳದೆಯೇ ರೀಸ್ಟಾರ್ಟ್ ಮಾಡಬಹುದೇ? “ಹೌದು” ಎಂದರೆ ಆಗ ಮಾತ್ರವಲ್ಲ, ಮುಂದಿನ ಸಲಗಳಲ್ಲಿಯೂ ಅದು ಕೇಳುವುದಿಲ್ಲ. “ಇಲ್ಲ” ಎಂದರೆ ಪ್ರತಿ ಸಲವೂ ಸೇವೆಗಳ ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಯಾರೂ ಫೈಲು ತೆರೆದಿರದ ಹೊತ್ತಿನಲ್ಲೇ ಅಪ್‌ಗ್ರೇಡ್ ಮಾಡುವ ಕಟ್ಟುನಿಟ್ಟು ಇರುವ ಕಛೇರಿಗೆ “ಹೌದು” ಎಂಬುದು ಸರಿ. ಹಗಲು ಹೊತ್ತಿನಲ್ಲಿಯೂ ಅಪ್‌ಗ್ರೇಡ್ ನಡೆಯಬಹುದಾದ ಕಛೇರಿಗೆ “ಇಲ್ಲ” ಎಂಬುದೇ ಕ್ಷೇಮ. ಆದರೆ “ಇಲ್ಲ” ಎಂದವರು ಅದೇ ಸಂಜೆ ತಾವೇ ರೀಸ್ಟಾರ್ಟ್ ಮಾಡುವ ಹೊಣೆ ಹೊತ್ತಂತಾಯಿತು. ಉಬುಂಟು 22.04ರಿಂದೀಚೆಗೆ ಸರ್ವರುಗಳಲ್ಲಿ ನೀಡ್‌ರೀಸ್ಟಾರ್ಟ್ ಎಂಬ ಉಪಕರಣ ಜೊತೆಯಲ್ಲೇ ಬರುತ್ತದೆ. ಯಾವ ಯಾವ ಸೇವೆಗಳು ಇನ್ನೂ ಹಳೆಯ ಲೈಬ್ರರಿಯನ್ನು ಹಿಡಿದುಕೊಂಡಿವೆ ಎಂದು ಅದು ಪಟ್ಟಿ ಮಾಡಿ ಹೇಳುತ್ತದೆ.

ಎರಡನೆಯದು, ಸೆಟ್ಟಿಂಗ್ ಫೈಲಿನ ಕುರಿತಾದದ್ದು. ನೀವು ತಿದ್ದಿಕೊಂಡಿರುವ ಫೈಲನ್ನು ಉಳಿಸಲೇ, ಪ್ಯಾಕೇಜಿನೊಡನೆ ಬಂದ ಹೊಸದನ್ನು ಹಾಕಲೇ ಎಂದು ಕೇಳುತ್ತದೆ. ಯಾವ ಕೌಂಟರಿಗೆ ಯಾವ ಫೋಲ್ಡರು, ಯಾರಿಗೆ ಬರೆಯುವ ಹಕ್ಕು ಎಂಬ ನಮ್ಮ ಏರ್ಪಾಡೆಲ್ಲ ಆ ಫೈಲಿನಲ್ಲಿದೆ. ಆದುದರಿಂದ ನಮ್ಮದನ್ನೇ ಉಳಿಸಬೇಕು, ವ್ಯತ್ಯಾಸವನ್ನು ಆಮೇಲೆ ನಿಧಾನವಾಗಿ ನೋಡಬೇಕು. ಇನ್ನೊಂದು ವಿಷಯ: ಕೆಲವು ಪ್ಯಾಕೇಜುಗಳು ಮೊದಲೇ ಸೇವೆಯನ್ನು ನಿಲ್ಲಿಸಿ, ಫೈಲುಗಳನ್ನು ಬದಲಿಸಿ, ಕಡೆಗೆ ಆರಂಭಿಸುತ್ತವೆ. ಅಂತಹ ಪ್ಯಾಕೇಜು ನಡುವೆ ಪ್ರಶ್ನೆ ಕೇಳಿ ಕಾಯುತ್ತಿದ್ದರೆ ಉತ್ತರ ಕೊಡುವವರೆಗೂ ಸೇವೆ ನಿಂತೇ ಇರುತ್ತದೆ. ಅಪ್‌ಗ್ರೇಡ್ ಹಚ್ಚಿ ಊಟಕ್ಕೆ ಹೋಗುವ ಅಭ್ಯಾಸ ಒಳ್ಳೆಯದಲ್ಲ.

ತಾನಾಗಿ ಆಗುವ ಅಪ್‌ಗ್ರೇಡ್

ಉಬುಂಟುವಿನಲ್ಲಿ ಭದ್ರತೆಗೆ ಸಂಬಂಧಿಸಿದ ಪ್ಯಾಕೇಜುಗಳು ತಾವಾಗಿಯೇ ಬಂದು ಕೂರುವ ಏರ್ಪಾಡು ಇರುತ್ತದೆ. ಅದಕ್ಕೆ ನಿಗದಿಯಾದ ಹೊತ್ತು ಬೆಳಿಗ್ಗೆ 6ರಿಂದ 7 ಗಂಟೆಯೊಳಗೆ. ಯಂತ್ರ ಹಗಲೂ ರಾತ್ರಿ ಓಡುತ್ತಿದ್ದರೆ ಕಛೇರಿ ತೆರೆಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಆದರೆ ಸಣ್ಣ ಕಛೇರಿಗಳಲ್ಲಿ ರಾತ್ರಿ ಸರ್ವರನ್ನು ಆರಿಸಿ, ಬೆಳಿಗ್ಗೆ ಬಾಗಿಲು ತೆರೆದಾಗ ಹಾಕುವ ರೂಢಿಯಿದೆ. ತಪ್ಪಿಹೋದ ಆ ಬೆಳಗಿನ ಕೆಲಸವನ್ನು ಯಂತ್ರ ಮರೆಯುವುದಿಲ್ಲ. ಹಾಕಿದ ಸ್ವಲ್ಪ ಹೊತ್ತಿನಲ್ಲೇ ಕೈಗೆತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಖರೀದಿ ಕೌಂಟರಿನಲ್ಲಿ ಮೊದಲ ಚೀಟಿ ಬರೆಯುತ್ತಿರುತ್ತಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಆಗಾಗ ಸಂಪರ್ಕ ಕಡಿಯುತ್ತದೆ ಎಂಬ ದೂರು ಇರುವ ಕಛೇರಿಗಳು ಮೊದಲು ಇದನ್ನು ನೋಡಬೇಕು. ಯುಪಿಎಸ್ ಸರಿಯಾಗಿದ್ದರೆ ಸರ್ವರನ್ನು ರಾತ್ರಿಯೂ ಓಡಲು ಬಿಡುವುದು, ಇಲ್ಲವೇ ಆ ಹೊತ್ತನ್ನು ಸಂಜೆಗೆ ಬದಲಿಸುವುದು ಪರಿಹಾರ.

ಅನುಸರಿಸಬೇಕಾದ ಕ್ರಮ

1. ದಿನದ ಖರೀದಿ ಮುಗಿದು ದಿನಚರಿ ಪುಸ್ತಕ ತಾಳೆಯಾದ ಮೇಲೆ ಕೆಲಸ ಹಿಡಿಯಬೇಕು. ಬಟವಾಡೆಯ ದಿನ ಬೇಡ.

2. ಎಲ್ಲ ಕೌಂಟರುಗಳಿಗೂ ಮೊದಲೇ ತಿಳಿಸಿ, ಪ್ರೋಗ್ರಾಮುಗಳನ್ನು ಸರಿಯಾಗಿ ಮುಚ್ಚಿಸಬೇಕು. ಪರದೆಯನ್ನು ಮಾತ್ರ ಆರಿಸಿ ಮನೆಗೆ ಹೋದರೆ ಮುಚ್ಚಿದಂತಲ್ಲ.

3. ಎಸ್‌ಎಂಬಿಸ್ಟೇಟಸ್ ಎಂಬ ಆಜ್ಞೆ ಕೊಟ್ಟು ನೋಡಬೇಕು. ಯಾವ ಕಂಪ್ಯೂಟರಿನಿಂದ ಯಾರು ಯಾವ ಫೈಲನ್ನು ತೆರೆದಿದ್ದಾರೆಂದು ಅದು ಸಾಲುಸಾಲಾಗಿ ತೋರಿಸುತ್ತದೆ. ಬೀಗ ಹಾಕಿದ ಫೈಲುಗಳ ಪಟ್ಟಿ ಖಾಲಿಯಾಗುವವರೆಗೂ ಮುಂದುವರಿಯಬಾರದು.

4. ಲೆಕ್ಕದ ಫೈಲುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿಡಬೇಕು.

5. ಯುಪಿಎಸ್ ಬ್ಯಾಟರಿ ತುಂಬಿರಬೇಕು. ಅಪ್‌ಗ್ರೇಡ್ ಅರ್ಧದಲ್ಲಿರುವಾಗ ವಿದ್ಯುತ್ ಹೋದರೆ ಪ್ಯಾಕೇಜುಗಳು ಅರೆಬರೆಯಾಗಿ ಉಳಿಯುತ್ತವೆ. ಹಾಗಾದರೆ ಡಿಪಿಕೆಜಿಗೆ ಬಾಕಿ ಉಳಿದ ಕೆಲಸವನ್ನು ಪೂರ್ತಿ ಮಾಡುವಂತೆ ಆಜ್ಞೆ ಕೊಡಬೇಕು. ಗಾಬರಿಯಿಂದ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲು ಹೊರಡಬಾರದು.

6. ತಂತ್ರಜ್ಞರು ಪೇಟೆಯಿಂದ ಕುಳಿತು ದೂರಸಂಪರ್ಕದಲ್ಲಿ ಕೆಲಸ ಮಾಡುವುದಾದರೆ, ಮಳೆಗಾಲದಲ್ಲಿ ಲೈನು ಕಡಿದರೂ ಕೆಲಸ ಮುಂದುವರಿಯುವಂತೆ ಸ್ಕ್ರೀನ್ ಅಥವಾ ಟಿಮಕ್ಸ್ ಎಂಬ ಪ್ರೋಗ್ರಾಮಿನೊಳಗೆ ಅದನ್ನು ನಡೆಸುವಂತೆ ಹೇಳಬೇಕು.

7. ಸೆಟ್ಟಿಂಗ್ ಫೈಲನ್ನು ಟೆಸ್ಟ್‌ಪಾರ್ಮ್ ಎಂಬ ಆಜ್ಞೆಯಿಂದ ಪರೀಕ್ಷಿಸಿ, ತಪ್ಪಿಲ್ಲವೆಂದು ಖಚಿತವಾದ ಮೇಲೆ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಹೊಸ ಫೋಲ್ಡರು ಸೇರಿಸುವಂತಹ ಸಣ್ಣ ಬದಲಾವಣೆಗೆ ರೀಸ್ಟಾರ್ಟ್ ಬೇಡ. ಸೆಟ್ಟಿಂಗನ್ನು ಮತ್ತೆ ಓದಿಕೋ ಎಂದು ಹೇಳಿದರೆ ಯಾರ ಸಂಪರ್ಕವೂ ಕಡಿಯದೆ ಕೆಲಸವಾಗುತ್ತದೆ.

8. ಕರ್ನಲ್ ಬದಲಾಗಿದ್ದರೆ ಸೇವೆಯ ರೀಸ್ಟಾರ್ಟ್ ಸಾಲದು. ಇಡೀ ಯಂತ್ರವನ್ನೇ ಆರಿಸಿ ಹಾಕಬೇಕು.

9. ಕೊನೆಗೆ ಒಂದು ಕೌಂಟರಿನಿಂದ ಫೈಲು ತೆರೆದು, ಒಂದು ಸಾಲು ಬರೆದು, ಚೀಟಿ ಮುದ್ರಿಸಿ ನೋಡಬೇಕು. ದಿನಾಂಕ, ಹೊತ್ತು, ಹಿಂದಿನ ಮತ್ತು ಈಗಿನ ಆವೃತ್ತಿ, ರೀಸ್ಟಾರ್ಟ್ ಆದ ಹೊತ್ತು, ಇವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಅಪ್‌ಗ್ರೇಡಿಗೆ ಒಂದು ಕಲಮು, ರೀಸ್ಟಾರ್ಟಿಗೆ ಬೇರೆಯೇ ಒಂದು ಕಲಮು ಇರುವುದು ಉತ್ತಮ. ಎರಡೂ ತುಂಬಿದ ಮೇಲೆಯೇ ಕೆಲಸ ಮುಗಿಯಿತೆಂದು ಅರ್ಥ.

ಎನ್‌ಎಫ್‌ಎಸ್ ಬಳಸುವವರಿಗೆ

ಕೌಂಟರಿನಲ್ಲೂ ಲಿನಕ್ಸ್ ಇರುವ ಕಛೇರಿಗಳಲ್ಲಿ ಸಾಂಬಾದ ಬದಲು ಎನ್‌ಎಫ್‌ಎಸ್ ಇರಬಹುದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಇದನ್ನು 1984ರಲ್ಲಿ ರೂಪಿಸಿತು. ಇದರ ಸ್ವಭಾವ ಬೇರೆ. ಹಾರ್ಡ್ ಎಂಬ ರೀತಿಯಲ್ಲಿ ಜೋಡಿಸಿದ್ದರೆ ಸರ್ವರ್ ನಿಂತಾಗ ಕೌಂಟರು ಸುಮ್ಮನೆ ಕಾಯುತ್ತದೆ, ಸರ್ವರ್ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಸಾಫ್ಟ್ ಎಂಬ ರೀತಿಯಲ್ಲಿ ಜೋಡಿಸಿದ್ದರೆ ಸ್ವಲ್ಪ ಹೊತ್ತು ಕಾದು ದೋಷವೆಂದು ಕೈಚೆಲ್ಲುತ್ತದೆ. ಲೆಕ್ಕದ ಫೈಲುಗಳಿಗೆ ಇದು ಸಲ್ಲದು. ನಾಲ್ಕನೆಯ ಆವೃತ್ತಿಯಲ್ಲಿ ಸರ್ವರ್ ಮತ್ತೆ ಆರಂಭವಾದಾಗ ಹಳೆಯ ಬೀಗಗಳನ್ನು ಅವರವರಿಗೆ ಮರಳಿಸಲು ಸಾಮಾನ್ಯವಾಗಿ 90 ಸೆಕೆಂಡುಗಳ ಅವಧಿ ಇದೆ. ಆ ಹೊತ್ತಿನಲ್ಲಿ ಹೊಸ ಬೀಗ ಸಿಗದಿದ್ದರೆ ಕೆಟ್ಟಿದೆಯೆಂದು ಮತ್ತೆ ಮತ್ತೆ ನಿಲ್ಲಿಸಿ ನಡೆಸಬಾರದು, ಕಾಯಬೇಕು.

ಮನೆಯಲ್ಲಿ ತೋಟದ ಲೆಕ್ಕ, ಚಿತ್ರಗಳನ್ನು ಇಡಲು ಡಿಸ್ಕಿನ ಪೆಟ್ಟಿಗೆ ತಂದಿಟ್ಟುಕೊಂಡ ಸದಸ್ಯರೂ ಇದ್ದಾರೆ. ಅಂತಹ ಅನೇಕ ಪೆಟ್ಟಿಗೆಗಳೊಳಗೂ ಓಡುವುದು ಇದೇ ಸಾಂಬಾ. ಅದು ಅಪ್‌ಡೇಟ್ ಕೇಳಿದಾಗ ತಿಂಗಳುಗಟ್ಟಲೆ ಮುಂದೂಡಬಾರದು. ಹಾಗೆಯೇ ಯಾರಾದರೂ ಅದರಲ್ಲಿ ಬರೆಯುತ್ತಿರುವಾಗ ಒಪ್ಪಿಗೆ ಒತ್ತಲೂಬಾರದು.

ಸುಗ್ಗಿಯಲ್ಲಿ ಏನು ಮಾಡಬೇಕು?

ಕಾಫಿ ಕೊಯ್ಲು, ಅಡಿಕೆ ಸುಲಿತ ಒಟ್ಟಿಗೆ ಬಂದಾಗ “ಈಗ ಯಂತ್ರವನ್ನು ಮುಟ್ಟಬೇಡಿ, ಸುಗ್ಗಿ ಮುಗಿಯಲಿ” ಎಂಬ ಒತ್ತಾಯ ಎಲ್ಲ ಕಡೆಯಿಂದಲೂ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಹೊಸ ಸೌಲಭ್ಯಕ್ಕಾಗಿ ಬರುವ ಅಪ್‌ಗ್ರೇಡುಗಳನ್ನು ಮಳೆಗಾಲದವರೆಗೆ ಧಾರಾಳವಾಗಿ ಮುಂದೂಡಬಹುದು. ಭದ್ರತೆಯ ದೋಷ ತಿದ್ದುವ ಅಪ್‌ಗ್ರೇಡನ್ನು ಮುಂದೂಡಬಾರದು. ಖರೀದಿ ಮುಗಿದ ಅದೇ ಸಂಜೆ ಅದು ಆಗಬೇಕು, ರೀಸ್ಟಾರ್ಟ್ ಸಹಿತ ಆಗಬೇಕು. ಸುಗ್ಗಿಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಆಗುವ ನಷ್ಟ ಅರ್ಧ ಗಂಟೆಯದು. ಸುಗ್ಗಿಯ ಲೆಕ್ಕವೇ ಬೀಗಕ್ಕೆ ಸಿಲುಕಿದರೆ ಆಗುವ ನಷ್ಟ ವರ್ಷದ್ದು.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸರ್ವರ್ ನಿಲ್ಲಿಸುವ ಸಂಜೆಯ ವಿಷಯವನ್ನು ಕಛೇರಿಯ ಫಲಕದಲ್ಲಿ ಮೊದಲೇ ಬರೆಯುತ್ತೇವೆ, ಅದನ್ನು ನೋಡಿಕೊಂಡು ಬನ್ನಿ. ಆ ಹೊತ್ತಿನಲ್ಲಿ “ನನ್ನದೊಂದು ಎಂಟ್ರಿ ಮಾಡಿಬಿಡಿ” ಎಂದು ಗುಮಾಸ್ತರನ್ನು ಒತ್ತಾಯಿಸಬೇಡಿ. ಅವರು ದಾಕ್ಷಿಣ್ಯಕ್ಕೆ ಫೈಲು ತೆರೆದರೆ ತೊಂದರೆಗೆ ಸಿಲುಕುವುದು ನಿಮ್ಮ ಖಾತೆಯೇ. ತೂಕದ ಮುದ್ರಿತ ಚೀಟಿಯನ್ನು ತಪ್ಪದೆ ಪಡೆದು, ಪಾಸ್‌ಪುಸ್ತಕದಲ್ಲಿ ಜಮೆಯಾಗುವವರೆಗೆ ಜೋಪಾನವಾಗಿಡಿ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಎರಡು ಲೆಕ್ಕಗಳು ತಾಳೆಯಾಗದ ದಿನ ಸದಸ್ಯರ ಪರವಾಗಿ ಸಾಕ್ಷಿ ಹೇಳುವುದು ಆ ಚೀಟಿ.